ಇಪ್ಪತ್ತೊಂದನೆಯ ಚೀಟಿ

ದಾವಣಗೆರೆ ಮತ್ತು ಹರಿಹರಗಳ ನಡುವೆ ಕಳೆದ ಮೂವತ್ನಾಲ್ಕು ವರ್ಷಗಳಲ್ಲಿ ರಸಾಯನಶಾಸ್ತ್ರ ಕಲಿತವರು ಯಾರೇ ಇರಲಿ, ಔಷಧದ ಅಂಗಡಿ ಇಟ್ಟವರಿರಲಿ, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಪಾಳಿ ಮಾಡುವವರಿರಲಿ, ನನ್ನಂತೆ ಊರವರ ನೀರು ಪರೀಕ್ಷಿಸಿ ಹೊಟ್ಟೆ ಹೊರೆಯುವವರಿರಲಿ, ಬ್ಯೂರೆಟ್ ಎಂಬ ಅಳತೆಯ ಗಾಜಿನ ನಳಿಗೆಯ ಮುಂದೆ ನಿಂತಾಗ ಅವರ ಬೆನ್ನು ತಾನಾಗಿ ಬಾಗಿ ಕಣ್ಣು ದ್ರವದ ಮಟ್ಟಕ್ಕೆ ಇಳಿಯಿತೆಂದರೆ, ಅದರ ಹಿಂದೆ ಶ್ರೀಮತಿ ನಿರ್ಮಲಮ್ಮನವರ ಗದರಿಕೆಯೊಂದು ಇದೆಯೆಂದೇ ತಿಳಿಯಬೇಕು. ಅವರು ಪಠ್ಯಪುಸ್ತಕ ಬರೆದವರಲ್ಲ, ಸಂಶೋಧನೆಯಿಂದ ಹೆಸರು ಮಾಡಿದವರೂ ಅಲ್ಲ. ಹರಿಹರದ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿ ಸೇರಿ, ಅಲ್ಲಿಯೇ ನಿವೃತ್ತರಾದವರು. ಆದರೆ ಗೊತ್ತಿರುವ ದ್ರಾವಣದಿಂದ ಗೊತ್ತಿಲ್ಲದ ದ್ರಾವಣದ ಸಾರತೆಯನ್ನು ಕಂಡುಹಿಡಿಯುವ ಆ ಒಂದು ಕೆಲಸದಲ್ಲಿ, ಅಂದರೆ ನಾವೆಲ್ಲ ಟೈಟ್ರೇಷನ್ ಎಂದು ಕರೆಯುವ ಅನುಮಾಪನದಲ್ಲಿ, ಅವರಷ್ಟು ನಿಷ್ಠುರರನ್ನು ನಾನು ಬೇರೆ ಕಂಡಿಲ್ಲ.

ಈ ಅಭಿನಂದನ ಸಂಪುಟಕ್ಕೆ ನಾನು ಬರೆಯಬೇಕೆಂದು ಸಂಪಾದಕರು ಕೇಳಿದಾಗ ಮೊದಲು ಮೇಡಂ ಅವರಿಗೇ ಫೋನ್ ಮಾಡಿದೆ. ಹೊಗಳಿದರೆ ಹುಣಸೆಹಣ್ಣು ಕಚ್ಚಿದವರಂತೆ ಮುಖ ಮಾಡುವ ಹೆಂಗಸು ಅವರು. "ಬರೀತೀಯಾ? ಬರಿ. ಆದ್ರೆ ನನ್ನ ತಪ್ಪು ಬರೀದೆ ಇದ್ರೆ ಆ ಪುಸ್ತಕ ನನಗೆ ಬ್ಯಾಡ," ಎಂದರು. ಆದ್ದರಿಂದ ಓದುಗರು ಕ್ಷಮಿಸಬೇಕು. ಅಭಿನಂದನೆಯ ಲೇಖನದಲ್ಲಿ ಸಾಮಾನ್ಯವಾಗಿ ಇರದ ಸಂಗತಿ ಇದರಲ್ಲಿ ಇದೆ. ಅದಕ್ಕೆ ಅವರ ಅಪ್ಪಣೆ ಇದೆ.

ನಾನು ಅವರ ಶಿಷ್ಯೆಯಾದದ್ದು ಎರಡು ಸಾವಿರದ ಏಳರಲ್ಲಿ. ಆಗ ಪಿಪೆಟ್ಟಿನಿಂದ ದ್ರಾವಣವನ್ನು ಬಾಯಿಯಲ್ಲೇ ಎಳೆಯುವ ಕಾಲ. ರಂಜಾನ್ ತಿಂಗಳು ಬಂತು. ರೋಜಾ ಹಿಡಿದ ನಾನು ಪಿಪೆಟ್ ಕೈಯಲ್ಲಿ ಹಿಡಿದು, ಒಂದು ಹನಿ ನಾಲಿಗೆಗೆ ತಗುಲಿದರೆ ಗತಿಯೇನೆಂದು ಯೋಚಿಸುತ್ತ ನಿಂತುಬಿಟ್ಟೆ. ಮೇಡಂ ಏನನ್ನೂ ಕೇಳಲಿಲ್ಲ. ನನ್ನ ಕೈಯಿಂದ ಪಿಪೆಟ್ ತೆಗೆದುಕೊಂಡು ತಾವೇ ಎಳೆದುಕೊಟ್ಟರು. ಮರುದಿನ ದಾವಣಗೆರೆಯಿಂದ ರಬ್ಬರಿನ ಬಲ್ಬೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಮನೆಯಲ್ಲಿ ಹೇಳಿದಾಗ ನಮ್ಮಮ್ಮ ಖತೀಜಾಬೀ, "ಆ ಮೇಡಂನೋರಿಗೆ ಒಂದು ದುವಾ ಜಾಸ್ತಿ ಮಾಡು," ಎಂದಿದ್ದಳು. ಇಂದಿಗೂ ಮಾಡುತ್ತೇನೆ.

ಅವರ ಪ್ರಯೋಗಶಾಲೆಯಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಪದ್ಧತಿ ಇತ್ತು. ಪ್ರಾಯೋಗಿಕ ತರಗತಿಯಲ್ಲಿ ಹುಡುಗರು ಮಾಡುವ ಕಳ್ಳತನ ಎಲ್ಲರಿಗೂ ಗೊತ್ತಿರುವುದೇ. ಸರಿಯಾದ ಉತ್ತರ ಎಷ್ಟೆಂದು ಪಕ್ಕದವನಿಂದಲೋ ಅಟೆಂಡರನಿಂದಲೋ ತಿಳಿದುಕೊಂಡು, ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿ, ಬ್ಯೂರೆಟ್ಟಿನ ರೀಡಿಂಗನ್ನು ಅದಕ್ಕೆ ತಕ್ಕಂತೆ ಹೊಂದಿಸಿಬಿಡುತ್ತಾರೆ. ಇದನ್ನು ತಡೆಯಲು ಮೇಡಂ, ರೀಡಿಂಗ್ ಬಂದ ಕೂಡಲೇ, ಲೆಕ್ಕಕ್ಕೆ ಕೈಹಚ್ಚುವ ಮೊದಲೇ, ವಿದ್ಯಾರ್ಥಿಗಳು ಅದನ್ನೊಂದು ಚೀಟಿಯಲ್ಲಿ ತಮ್ಮ ಹಾಜರಿ ಸಂಖ್ಯೆಯೊಡನೆ ಬರೆದು ಮಡಚಿ, ಮುಂದಿನ ಮೇಜಿನ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕೆಂದು ಕಟ್ಟು ಮಾಡಿದ್ದರು. ಡಬ್ಬಿಗೆ ಬಿದ್ದ ಅಂಕಿಯನ್ನು ಬ್ರಹ್ಮ ಬಂದರೂ ತಿದ್ದುವಂತಿರಲಿಲ್ಲ. ಗೊತ್ತಿಲ್ಲದ ದ್ರಾವಣವನ್ನು ಬೆಳಿಗ್ಗೆ ಬಾಗಿಲು ಹಾಕಿಕೊಂಡು ತಾವೊಬ್ಬರೇ ತಯಾರಿಸುತ್ತಿದ್ದರು. ಅದರ ನಿಜವಾದ ರೀಡಿಂಗ್ ಅವರ ಡೈರಿಯಲ್ಲಿ ಮಾತ್ರ ಇರುತ್ತಿತ್ತು.

ಒಂದು ಮಧ್ಯಾಹ್ನ ತರಗತಿ ಮುಗಿದಾಗ, ಡಬ್ಬಿಯ ಚೀಟಿಗಳನ್ನು ಎಣಿಸಿ ಕೊಡಲೇ ಎಂದು ಮೇಡಂ ಅವರನ್ನು ಕೇಳಿದೆ. ನನಗೆ ಜಾಣೆ ಎನಿಸಿಕೊಳ್ಳುವ ಆಸೆ. ಅಟೆಂಡರ್ ಕರಿಯಣ್ಣ ಗಾಜಿನ ಪಾತ್ರೆ ತೊಳೆಯುತ್ತಿದ್ದವನು ಅಲ್ಲಿಂದಲೇ, "ಎಣಿಸಬ್ಯಾಡವ್ವ. ಇಲ್ಲಿ ಚೀಟಿ ಯಾರೂ ಎಣಸಂಗಿಲ್ಲ," ಎಂದ. ಅಷ್ಟು ಹೊತ್ತಿಗೆ ನಾನು ಎಣಿಸಿ ಆಗಿತ್ತು. ನಮ್ಮ ತಂಡದಲ್ಲಿ ಇಪ್ಪತ್ತು ಜನ. ಚೀಟಿಗಳು ಇಪ್ಪತ್ತೊಂದು.

ಇಪ್ಪತ್ತರಲ್ಲಿ ಸಂಖ್ಯೆ ಇತ್ತು, ರೀಡಿಂಗುಗಳು 18.2ರಿಂದ 18.6ರವರೆಗೆ ಹರಡಿದ್ದವು. ಇಪ್ಪತ್ತೊಂದನೆಯದರಲ್ಲಿ ಸಂಖ್ಯೆ ಇರಲಿಲ್ಲ. ಪೆನ್ಸಿಲ್ಲಿನಲ್ಲಿ, ಕನ್ನಡದ ಅಂಕಿಯಲ್ಲಿ, ೧೮.೪ ಎಂದಷ್ಟೇ ಇತ್ತು. ನಾಲ್ಕರ ಬಾಲವನ್ನು ಗೆರೆಯಿಂದ ಕೆಳಗಿಳಿಸಿ ಎಡಕ್ಕೆ ಸುರುಳಿ ಸುತ್ತಿದ್ದರು. ನಮ್ಮ ತಂಡದಲ್ಲಿ ಕನ್ನಡ ಅಂಕಿ ಬರೆಯುವವರು ಒಬ್ಬರೂ ಇರಲಿಲ್ಲ. ಮೇಡಂ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು. ಅವರ ತೆರೆದ ಡೈರಿಯ ಮೇಲೆ ನನ್ನ ಕಣ್ಣು ಬಿತ್ತು. ಅಲ್ಲಿಯೂ 18.4 ಎಂದೇ ಇತ್ತು.

ಆ ಹೊತ್ತಿನಲ್ಲಿ ಹೊರಗೆ ಸುಡು ಬಿಸಿಲು, ಒಳಗೆ ಕೊನೆಯ ಮೇಜಿನ ಕಡೆಯಿಂದ ಒಂದೇ ಸಮನೆ ಹನಿ ಬೀಳುವ ಸದ್ದು. ಆ ಮೇಜಿನಲ್ಲಿ ಆ ದಿನ ಯಾರೂ ಕೆಲಸ ಮಾಡಿರಲಿಲ್ಲ. ಕರಿಯಣ್ಣ ಹೋಗಿ ಬ್ಯೂರೆಟ್ಟಿನ ತಿರುಪು ಬಿಗಿಮಾಡಿ ಬಂದ, ಅದು ದಿನದ ಕೆಲಸವೆಂಬಂತೆ. ಮೇಡಂ ಚೀಟಿಯನ್ನು ಬೀರುವಿನೊಳಗಿನ ಇನ್ನೊಂದು ಡಬ್ಬಿಗೆ ಹಾಕಿ ಬೀಗ ಹಾಕಿದರು. ನನಗೆ ಕೇಳುವ ಧೈರ್ಯವಾಗಲಿಲ್ಲ. ಹದಿನೈದು ವರ್ಷ ಕೇಳಲೂ ಇಲ್ಲ.

ಮುಂದೆ ನಾನು ಓದು ಮುಗಿಸಿ, ಒಂದೆರಡು ಕಡೆ ದುಡಿದು, ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಚಿಕ್ಕದೊಂದು ನೀರಿನ ಪರೀಕ್ಷಾಲಯ ತೆರೆದೆ. ಉದ್ಘಾಟನೆಗೆ ಬಂದ ಮೇಡಂ ಟೇಪು ಕತ್ತರಿಸುವ ಮೊದಲು ಬಟ್ಟಿ ಇಳಿಸಿದ ನೀರನ್ನು ಪರೀಕ್ಷಿಸಿದರು. ಆಮೇಲೆ ಎರಡು ನಿಯಮ ಹಾಕಿಕೊಟ್ಟರು. ಯಾವ ಮಾದರಿಯನ್ನಾದರೂ ಎರಡು ಬಾಟಲಿಯಲ್ಲಿ ತರಿಸಬೇಕು, ಒಂದನ್ನು ಮುಟ್ಟದೆ ಇಡಬೇಕು. ಇಬ್ಬರು ಬೇರೆಬೇರೆಯಾಗಿ ರೀಡಿಂಗ್ ತೆಗೆದು, ಒಬ್ಬರದನ್ನೊಬ್ಬರು ನೋಡದೆ, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಡಬ್ಬಿಯನ್ನೂ ಅವರೇ ತಂದಿದ್ದರು.

ಎರಡು ಸಾವಿರದ ಇಪ್ಪತ್ತೆರಡರ ನವೆಂಬರಿನಲ್ಲಿ ಭಾನುವಳ್ಳಿಯ ನಿಂಗರಾಜು ಎಂಬವರು ಎರಡು ಬಾಟಲಿ ನೀರು ತಂದರು. ಅವರ ಓಣಿಯ ನಲವತ್ತು ಮನೆಯವರು ಸೇರಿ ಹೊಸ ಬೋರ್‌ವೆಲ್ ಕೊರೆಸಿದ್ದರು. "ನೀವೊಂದು ಕಾಗದ ಕೊಟ್ರೆ ಸಾಕ್ರಿ ಮೇಡಂ. ಸಂಜಿಗೆ ನಲ್ಲಿ ಬಿಡ್ತೀವಿ. ಹೆಣ್ಮಕ್ಕಳು ಕೊಡ ತೊಳದು ಇಟ್ಕಂಡು ಕುಂತಾರೆ," ಎಂದು ಹೊರಗಿನ ಬೆಂಚಿನ ಮೇಲೆ ಕುಳಿತರು.

ಉಳಿದ ಪರೀಕ್ಷೆಗಳಾದ ಮೇಲೆ ಕ್ಲೋರೈಡ್ ಉಳಿದಿತ್ತು. ಅದರ ವಿಧಾನ ಸರಳ. ಐವತ್ತು ಮಿಲಿಲೀಟರ್ ನೀರಿಗೆ ಹಳದಿ ಬಣ್ಣದ ಸೂಚಕ ಸೇರಿಸಿ, ಬ್ಯೂರೆಟ್ಟಿನಿಂದ ಸಾರತೆ ಗೊತ್ತಿರುವ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡಬೇಕು. ಕ್ಲೋರೈಡ್ ಇರುವವರೆಗೆ ನೀರು ಬೆಳ್ಳಗೆ ಕದಡುತ್ತದೆ. ಅದು ತೀರಿದ ಮರುಹನಿಗೆ ಇಟ್ಟಿಗೆಯ ಕೆಂಪು ಕಾಣಿಸುತ್ತದೆ. ಆಗ ನಿಲ್ಲಿಸಿ ಎಷ್ಟು ಮಿಲಿಲೀಟರ್ ಹೋಯಿತೆಂದು ಓದಬೇಕು. ನಮ್ಮ ದ್ರಾವಣದ ಒಂದು ಮಿಲಿಲೀಟರ್ ಒಂದು ಮಿಲಿಗ್ರಾಂ ಕ್ಲೋರೈಡಿಗೆ ಸಮ. ಐವತ್ತರಲ್ಲಿ ಸಿಕ್ಕಿದ್ದನ್ನು ಇಪ್ಪತ್ತರಿಂದ ಗುಣಿಸಿದರೆ ಒಂದು ಲೀಟರಿನ ಲೆಕ್ಕ. ಇನ್ನೂರೈವತ್ತರ ಒಳಗಿದ್ದರೆ ಚಿಂತೆಯಿಲ್ಲ. ನಮ್ಮ ಕಡೆಯ ಬೋರಿನಲ್ಲಿ ಅದನ್ನು ಬಹಳ ದಾಟಿದರೆ ಚರಂಡಿ ಎಲ್ಲೋ ಒಳಗೆ ಸೇರುತ್ತಿರಬಹುದೆಂದು ಅನುಮಾನಿಸಬೇಕು.

ನಾನೂ ಸಹಾಯಕಿ ಕೀರ್ತನಾಳೂ ರೀಡಿಂಗ್ ತೆಗೆದು ಚೀಟಿ ಹಾಕಿದೆವು. ಡಬ್ಬಿ ತೆರೆದೆ. ನನ್ನದು 12.4. ಅವಳದು 12.4. ಇಪ್ಪತ್ತರಿಂದ ಗುಣಿಸಿದರೆ ಇನ್ನೂರ ನಲವತ್ತೆಂಟು. ಗೆರೆಯೊಳಗೆ ಸ್ವಲ್ಪದರಲ್ಲಿ ಉಳಿದುಕೊಂಡಿತ್ತು. 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕಲು ಪೆನ್ನು ಎತ್ತಿದೆ. ಆಗ ಡಬ್ಬಿಯ ತಳದಲ್ಲಿ ಇನ್ನೊಂದು ಚೀಟಿ ಕಾಣಿಸಿತು. ಪೆನ್ಸಿಲ್ಲಿನಲ್ಲಿ ೨೪.೮ ಎಂದಿತ್ತು. ನಾಲ್ಕರ ಬಾಲ ಕೆಳಗಿಳಿದು ಎಡಕ್ಕೆ ಸುತ್ತಿತ್ತು.

ಬಾಗಿಲು ಹಾಕಿತ್ತು. ಒಳಗೆ ನಾವಿಬ್ಬರೇ. ಕೀರ್ತನಾ ಹುಟ್ಟಿದಾರಭ್ಯ ಕನ್ನಡ ಅಂಕಿ ಬರೆದವಳಲ್ಲ. ನಾನು ಮೇಡಂಗೆ ಫೋನ್ ಮಾಡಿದೆ. ಅವರು ಹರಿಹರದಲ್ಲಿ ಪಾಠದ ನಡುವೆ ಇದ್ದರು. ಮೂರು ಚೀಟಿ ಬಂದಿವೆ ಎಂದೆ, ಅಷ್ಟೇ.

"ಯಾವ ಅಂಕಿಯಾಗೈತೆ?" ಎಂದು ಕೇಳಿದರು.

"ಕನ್ನಡದ್ದು, ಮೇಡಂ."

"ಸಹಿ ಹಾಕಬ್ಯಾಡ. ಮುಟ್ಟದೆ ಇಟ್ಟ ಬಾಟ್ಲಿ ತೆಗಿ. ಮೊದಲಿಂದ ಮಾಡು."

ಮುಟ್ಟದೆ ಇಟ್ಟ ಬಾಟಲಿಯ ನೀರಿಗೆ ಇಟ್ಟಿಗೆಯ ಕೆಂಪು ಬಂದದ್ದು 24.8ಕ್ಕೆ. ಮೂರು ಸಲವೂ ಅಷ್ಟೇ. ಕೀರ್ತನಾ ಮೊದಲನೆಯ ಬಾಟಲಿಯನ್ನು ಎತ್ತಿ ನೋಡಿದಳು. "ಅಕ್ಕಾ, ಮೊದಲ್ನೇ ಬಾಟ್ಲಿಯಾಗೆ ನೀರು ಕಡಿಮಿ ಉಳಿದಿತ್ತು. ಮೂರು ಸಲಕ್ಕೆ ಸಾಲಲ್ಲ ಅಂತ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರಸಿಟ್ಟಿದ್ದೆ. ಬರೆದಿಡೋದು ಮರೆತೆ," ಎಂದು ಅಳಲು ಶುರುಮಾಡಿದಳು. ಅರ್ಧಕ್ಕರ್ಧ ನೀರು ಬೆರೆಸಿದ ಮೇಲೆ ಲೆಕ್ಕವನ್ನು ಎರಡರಿಂದ ಗುಣಿಸಬೇಕು. ಗುಣಿಸದೆ ಬಿಟ್ಟಿದ್ದೆವು. ಇಬ್ಬರೂ ಒಂದೇ ತಪ್ಪು ನೀರನ್ನು ಸರಿಯಾಗಿ ಓದಿದ್ದೆವು. ನಿಜವಾದ ಲೆಕ್ಕ ನಾನೂರ ತೊಂಬತ್ತಾರು.

ನಿಂಗರಾಜು ಅವರಿಗೆ ನಲ್ಲಿ ಬಿಡಬೇಡಿ ಎಂದೆ. ಅವರು ಮುನಿಸಿಕೊಂಡು ಹೋದರು. ನಾಲ್ಕು ದಿನ ಬಿಟ್ಟು ಬಂದು, ಬೋರಿನ ಪಕ್ಕ ಅಗೆಸಿದಾಗ ಒಡೆದ ಶೌಚದ ಗುಂಡಿಯೊಂದು ಸಿಕ್ಕಿತೆಂದು ಹೇಳಿ, ಕೈ ಮುಗಿದು ನಿಂತರು. ಆ ನಮಸ್ಕಾರ ನನಗೆ ಸಲ್ಲಬೇಕಾದದ್ದಲ್ಲವೆಂದು ನನಗೆ ಮಾತ್ರ ಗೊತ್ತಿತ್ತು.

ಆ ಭಾನುವಾರ ಮೇಡಂ ನನ್ನನ್ನು ಮನೆಗೆ ಕರೆಸಿ ಹೇಳಿದ್ದನ್ನು ಈಗ ಬರೆಯುತ್ತಿದ್ದೇನೆ. ತೊಂಬತ್ತೊಂದರ ಆಗಸ್ಟ್, ಅವರು ಕೆಲಸಕ್ಕೆ ಸೇರಿ ಒಂದು ವರ್ಷ. ಕಡರನಾಯಕನಹಳ್ಳಿಯ ಮಾರುತಿ ಎಂಬ ಹದಿನೇಳರ ಹುಡುಗ ತಮ್ಮ ಓಣಿಯ ಕೈಪಂಪಿನ ನೀರು ಉಪ್ಪಾಗಿದೆಯೆಂದು ಬಾಟಲಿಯಲ್ಲಿ ತಂದು, ಕೊನೆಯ ಮೇಜಿನಲ್ಲಿ ನಿಂತು ಪರೀಕ್ಷೆ ಮಾಡಿದ. ಮೂರು ಸಲ ಮಾಡಿದ, ಮೂರು ಸಲವೂ 21.6 ಬಂತು. ಅವನು ಕನ್ನಡ ಅಂಕಿಯಲ್ಲಿ ಬರೆಯುವ ಹುಡುಗ. ಮರುದಿನ ಪರಿವೀಕ್ಷಣೆಗೆ ಮೇಲಿನವರು ಬರುವವರಿದ್ದರು. ಎಲ್ಲರ ಪುಸ್ತಕ ಓರಣವಾಗಿರಬೇಕಿತ್ತು. ಉಳಿದ ಎಲ್ಲರಿಗೂ ಕಾಲೇಜಿನ ನಲ್ಲಿ ನೀರಿಗೆ 4.6 ಬಂದಿತ್ತು. ಮೇಡಂ ಅವನ ಫ್ಲಾಸ್ಕಿನತ್ತ ನೋಡಲೂ ಇಲ್ಲ. "ಇಷ್ಟು ಬರಾಕೆ ಸಾಧ್ಯ ಇಲ್ಲ, ಬಣ್ಣ ದಾಟಿಸೀಯ. ಎಲ್ಲರದೂ ಎಷ್ಟೈತೋ ಅಷ್ಟು ಬರಿ, ಇಂಗ್ಲಿಷ್ ಅಂಕಿಯಾಗೆ ಬರಿ," ಎಂದು ಪುಸ್ತಕಕ್ಕೆ ಸಹಿ ಹಾಕಿದರು. ಹತ್ತು ದಿನದಲ್ಲಿ ಆ ಓಣಿಯಲ್ಲಿ ವಾಂತಿಭೇದಿ ಹಬ್ಬಿತು. ಉಳಿದವರೆಲ್ಲ ಚೇತರಿಸಿಕೊಂಡರು. ಮಾರುತಿ ಚೇತರಿಸಿಕೊಳ್ಳಲಿಲ್ಲ.

"ಆಮೇಲೆ ಚೀಟಿ ಪದ್ಧತಿ ಮಾಡಿದೆ ಕಣೆ. ಯಾರ ರೀಡಿಂಗನ್ನೂ ನಾನು ತಿದ್ದಬಾರದು ಅಂತ. ಮೊದಲ್ನೇ ದಿನಾನೇ ಒಂದು ಚೀಟಿ ಹೆಚ್ಚಿಗೆ ಬಂತು," ಎಂದರು ಮೇಡಂ. ಅವರ ಧ್ವನಿಯಲ್ಲಿ ಭಯವಿರಲಿಲ್ಲ. ಅವನ ಮನೆಗೆ ಹೋಗಿ ಇದನ್ನು ಹೇಳಬೇಕೆಂದು ಮೂವತ್ತು ವರ್ಷ ಬಸ್ ನಿಲ್ದಾಣದವರೆಗೆ ಹೋಗಿ ಬಂದದ್ದೇ ಬಂದದ್ದು. ಕಾಲು ಬಸ್ಸು ಹತ್ತಿರಲಿಲ್ಲ. ಅಳೆದೂ ಸುರಿದೂ ನಿವೃತ್ತಿಯ ವರ್ಷ ಬಂದಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಜನವರಿಯಲ್ಲಿ ನನ್ನನ್ನು ಜೊತೆಗೆ ಕರೆದುಕೊಂಡು ಕಡರನಾಯಕನಹಳ್ಳಿಗೆ ಹೊರಟರು. ಮಡಿಲಲ್ಲಿ, ಹೆಚ್ಚಿಗೆ ಬಂದ ಚೀಟಿಗಳನ್ನು ಬೀರುವಿನಲ್ಲಿ ಕೂಡಿಟ್ಟ ಆ ಡಬ್ಬಿ. ಮಾರುತಿಯ ತಾಯಿ ತಿಮ್ಮವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. "ಬರ್ರಿ, ಕೂಡ್ರಿ," ಎಂದು ಚಾಪೆ ಹಾಸಿದರು. ನೀರು ತಂದುಕೊಟ್ಟರು. ಮೇಡಂ ತಂಬಿಗೆ ಹಿಡಿದವರು ಕುಡಿಯದೆ, ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟರು.

ತಿಮ್ಮವ್ವ ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ಪ್ರಾಯೋಗಿಕ ಪುಸ್ತಕವೊಂದನ್ನು ತಂದರು. ಕೊನೆಯ ಪುಟದಲ್ಲಿ ಮೂರು ಸಾಲು ೨೧.೬ ಎಂದು ಬರೆದು ಹೊಡೆದುಹಾಕಿತ್ತು. ಮೇಲೆ ಇಂಗ್ಲಿಷಿನಲ್ಲಿ 4.6. ಕೆಳಗೆ ಕೆಂಪು ಶಾಯಿಯ ಸಹಿ.

"ಪಂಪಿಗೆ ಅವನೇ ಕೆಂಪು ಬಟ್ಟಿ ಕಟ್ಟಿದ್ದ್ರಿ," ಎಂದರು ತಿಮ್ಮವ್ವ. "ಪರೀಕ್ಷೆ ಮಾಡೋತನಕ ಯಾರೂ ಕುಡೀಬ್ಯಾಡ್ರಿ ಅಂತ. ಆವತ್ತು ಸಂಜಿಗೆ ಬಂದು ಅವನೇ ಬಿಚ್ಚಿದ. ನೀರು ಚಲೋ ಐತಂತೆ, ಮೇಡಂ ಸಹಿ ಹಾಕ್ಯಾರೆ, ನನ್ನ ಕೈಯೇ ತಪ್ಪಿತ್ತು ಅಂದ. ಯಾರೂ ನಂಬವಲ್ರು. ಅದಕ್ಕ ಎಲ್ಲರ ಮುಂದ ತಾನೇ ಮೊದ್ಲು ಒಂದು ತಂಬಿಗೆ ಕುಡಿದು ತೋರಿಸಿದ."

ಮೇಡಂ ಕೈಯಲ್ಲಿದ್ದ ತಂಬಿಗೆಯನ್ನು ಚಾಪೆಯ ಪಕ್ಕಕ್ಕಿಟ್ಟರು. ನೆಲದ ಮೇಲೆ ಕುಳಿತು, ಪೆನ್ನು ತೆಗೆದು, 4.6ನ್ನು ಹೊಡೆದುಹಾಕಿದರು. ಮೂರು ಸಾಲುಗಳ ಪಕ್ಕದಲ್ಲಿ 'ಸರಿ' ಎಂದು ಬರೆದು, 'ತಪ್ಪು ನನ್ನದು' ಎಂದು ಸೇರಿಸಿ, ಅಂದಿನ ತಾರೀಕು ಹಾಕಿ ಸಹಿ ಮಾಡಿದರು. ಆಮೇಲೆ ಹುಡುಗ ಮಾಡದೆ ಬಿಟ್ಟ ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತ ಮಾಡಿದರು. ಇಪ್ಪತ್ತೊಂದು ಪಾಯಿಂಟ್ ಆರನ್ನು ಇಪ್ಪತ್ತರಿಂದ ಗುಣಿಸಿದರೆ ನಾನೂರ ಮೂವತ್ತೆರಡು.

"ಅಷ್ಟಂದ್ರೆ ಕುಡೀಬಾರ್ದಿತ್ತೇನ್ರಿ?"

"ಕುಡೀಬಾರ್ದಿತ್ತಮ್ಮ."

"ಮೊದ್ಲೇ ಬಂದು ಹೇಳಬೇಕಿತ್ರಿ ನೀವು. ಮೂವತ್ತೆರಡು ವರ್ಷ ನನ್ನ ಮಗನ ಕೈಯಾಗೇ ತಪ್ಪಿತ್ತು ಅಂತ ತಿಳಕಂಡು ಕುಂತಿದ್ದೆ," ಎಂದರು ತಿಮ್ಮವ್ವ. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಡಬ್ಬಿಯ ಮುಚ್ಚಳ ತೆಗೆದು ಚೀಟಿಗಳನ್ನು ಒಂದೊಂದಾಗಿ ನೋಡಿದರು. ಅವರಿಗೆ ಓದಲು ಬರದು. ಆದರೂ ನಾಲ್ಕರ ಬಾಲದ ಮೇಲೆ ಬೆರಳಿಟ್ಟು, ಪರಿಚಿತರೊಬ್ಬರನ್ನು ಬೀದಿಯಲ್ಲಿ ಕಂಡವರಂತೆ, "ಅವನವೇ ಇವು. ಇಲ್ಲೇ ಇರ್ಲಿ ಬಿಡ್ರಿ," ಎಂದರು.

ಮುಂದಿನ ತಿಂಗಳು ಮೇಡಂ ಅವರ ಕೊನೆಯ ಪ್ರಾಯೋಗಿಕ ತರಗತಿ. ನನ್ನನ್ನೂ ಕರೆದಿದ್ದರು. ಇಪ್ಪತ್ತು ವಿದ್ಯಾರ್ಥಿಗಳು. ಚೀಟಿಗಳನ್ನು ಮೇಡಂ ಎಲ್ಲರೆದುರು ಎಣಿಸಿದರು. ಇಪ್ಪತ್ತು. ಮತ್ತೆ ಎಣಿಸಿದರು. ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು. ಕೊನೆಯ ಮೇಜಿನ ಬ್ಯೂರೆಟ್ ಹನಿಯಿಲ್ಲದೆ ಒಣಗಿ ನಿಂತಿತ್ತು. "ಬರಲಿಲ್ಲ ನೋಡು," ಎಂದು ನನ್ನ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು. ಅದು ಬಿಡುಗಡೆಯೋ ಅಗಲಿಕೆಯೋ ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಿರಲಾರದು.

ನಿವೃತ್ತಿಯ ನಂತರ ಸುಮ್ಮನೆ ಕೂರುವ ಜೀವ ಅದಲ್ಲ. ಪ್ರತಿ ಮಂಗಳವಾರ ಮತ್ತು ಶನಿವಾರ ಬೆಳಿಗ್ಗೆ ಹರಿಹರದಿಂದ ಬಸ್ಸು ಹಿಡಿದು ನನ್ನ ಪರೀಕ್ಷಾಲಯಕ್ಕೆ ಬರುತ್ತಾರೆ. ಕೀರ್ತನಾಳನ್ನು ಗದರುತ್ತಾರೆ, ಅವಳಿಗೇ ಮಂಡಕ್ಕಿ ಕಟ್ಟಿಸಿಕೊಂಡು ಬರುತ್ತಾರೆ. ಈಗ ನಾವು ಮೂವರು ರೀಡಿಂಗ್ ತೆಗೆಯುತ್ತೇವೆ, ಮೂವರು ಚೀಟಿ ಹಾಕುತ್ತೇವೆ.

ಕಳೆದ ಶನಿವಾರ ಡಬ್ಬಿ ತೆರೆದವಳು ನಾನು. ಮೂರು ಚೀಟಿಗಳಿದ್ದವು. ನನ್ನದು 7.4, ಕೀರ್ತನಾಳದು 7.4. ಮೂರನೆಯದು ಪೆನ್ಸಿಲ್ಲಿನಲ್ಲಿ, ೭.೪. ನಾಲ್ಕರ ಬಾಲ ಕೆಳಗಿಳಿದು ಎಡಕ್ಕೆ ಸುತ್ತಿತ್ತು. ಮೇಡಂ ಬಾಯಲ್ಲಿ ಏನೋ ಗುನುಗುತ್ತ ಬ್ಯೂರೆಟ್ ತೊಳೆಯುತ್ತಿದ್ದರು, ಬೆನ್ನು ನನ್ನ ಕಡೆಗಿತ್ತು, ಬಿಳಿ ಕೋಟಿನ ಪಕ್ಕದ ಜೇಬಿನಲ್ಲಿ ಅವರ ಯಾವತ್ತಿನ ನೀಲಿ ಪೆನ್ನು. ಹದಿನೇಳು ವರ್ಷಗಳಲ್ಲಿ ಅವರು ಪೆನ್ಸಿಲ್ ಹಿಡಿದದ್ದನ್ನಾಗಲಿ, ಕನ್ನಡ ಅಂಕಿ ಬರೆದದ್ದನ್ನಾಗಲಿ ನಾನು ಕಂಡಿಲ್ಲ. "ಎಷ್ಟು ಬರೆದ್ರಿ ಮೇಡಂ?" ಎಂದೆ. "ಏಳು ಪಾಯಿಂಟ್ ನಾಲ್ಕು. ಯಾಕ, ಸರಿ ಇಲ್ಲೇನು?" ಎಂದರು ತಿರುಗದೆಯೇ. ಸರಿ ಇದೆ ಎಂದೆ. ಚೀಟಿಯನ್ನು ತೋರಿಸಲಿಲ್ಲ. ಮೂವರಿಗೆ ಮೂರು ಚೀಟಿ. ಎಣಿಕೆಯಲ್ಲಿ ಏನೂ ಹೆಚ್ಚಿರಲಿಲ್ಲ.

ಹಿರಿಯರಿಗೆ ಆಯುಷ್ಯ ಹಾರೈಸಿ ಲೇಖನ ಮುಗಿಸುವುದು ಇಂಥ ಸಂಪುಟಗಳ ಸಂಪ್ರದಾಯ. ನೂರು ವರ್ಷ ಬಾಳಿ ಎಂದರೆ ನಮ್ಮ ಮೇಡಂ ಯಾವ ಆಧಾರದ ಮೇಲೆ ಎಂದು ಕೇಳುತ್ತಾರೆ. ಆದ್ದರಿಂದ ಲೆಕ್ಕ ಹಾಕಿಯೇ ಹಾರೈಸುತ್ತೇನೆ. ಕಡರನಾಯಕನಹಳ್ಳಿಯ ಹುಡುಗನೊಬ್ಬ ಹದಿನೇಳಕ್ಕೆ ಬಿಟ್ಟುಹೋದ ವರ್ಷಗಳೆಲ್ಲ ಯಾರ ಖಾತೆಗೂ ಸೇರದೆ ಉಳಿದಿವೆ. ಆ ವರ್ಷಗಳು ಶ್ರೀಮತಿ ನಿರ್ಮಲಮ್ಮನವರಿಗೆ ಸೇರಲಿ. ಅವರ ಕೈ, ಆ ಹುಡುಗನ ಕೈ, ಎರಡೂ ಇನ್ನೂ ಬಹುಕಾಲ ನಮ್ಮ ಊರುಗಳ ನೀರಿನ ರೀಡಿಂಗನ್ನು ಒಂದೇ ಚೀಟಿಯಲ್ಲಿ ಬರೆಯುತ್ತಿರಲಿ.